ಆ ಮಗುವಿಗೂ ಪಂಕ್ತಿಯಲ್ಲಿ ಒಂದು ಎಲೆ

(ಮಠದ ಶಾಲೆಗಳ ಶಿಕ್ಷಕರಿಗಾಗಿ ಹಾಗೂ ಪ್ರಸಾದ ನಿಲಯಗಳ ಮೇಲ್ವಿಚಾರಕರಿಗಾಗಿ ನಡೆದ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದು ನಾನು ಮಾತನಾಡಲಿರುವ ವಿಷಯ ನಮ್ಮ ಗೋಷ್ಠಿಗಳಿಗೆ ಹೊಸದು, ನಮ್ಮ ಶಾಲೆಗಳಿಗೆ ಹೊಸದಲ್ಲ. ಹುಟ್ಟಿದಾಗ ಗಂಡು ಎಂದು ಬರೆಸಿದ್ದರೂ ಬೆಳೆಯುತ್ತ ತಾನು ಹೆಣ್ಣೆಂದು ಅರಿಯುವ ಮಗು, ಹೆಣ್ಣು ಎಂದು ಬರೆಸಿದ್ದರೂ ತಾನು ಗಂಡೆಂದು ಅರಿಯುವ ಮಗು, ಈ ಎರಡರಲ್ಲಿ ಯಾವುದಕ್ಕೂ ತನ್ನನ್ನು ಹೊಂದಿಸಿಕೊಳ್ಳಲಾಗದ ಮಗು ನಮ್ಮ ತರಗತಿಗಳಲ್ಲಿ ಯಾವಾಗಲೂ ಇದ್ದಾರೆ. ಕಾನೂನು ಮತ್ತು ಪತ್ರಿಕೆಗಳು ಇವರನ್ನು ಲಿಂಗತ್ವ ಅಲ್ಪಸಂಖ್ಯಾತರು ಎನ್ನುತ್ತವೆ, ಟ್ರಾನ್ಸ್‌ಜೆಂಡರ್ ಎನ್ನುತ್ತವೆ. ಶಾಲೆಯ ಅಂಗಳದಲ್ಲಿ ಇವರಿಗೆ ಸಿಗುವ ಹೆಸರುಗಳು ಬೇರೆ. ‘ಹೆಣ್ಣಿಗ’, ‘ಚಕ್ಕ’, ‘ಒಂಬತ್ತು’. ಈ ಮಾತುಗಳು ಆಟದ ಮೈದಾನದಲ್ಲಿ ಹುಟ್ಟುತ್ತವೆ ಎಂದು ನಾವು ತಿಳಿಯುತ್ತೇವೆ. ಎಷ್ಟೋ ಸಲ ಇವು ಶಿಕ್ಷಕರ ಕೊಠಡಿಯಿಂದಲೇ ಮೈದಾನಕ್ಕೆ ಇಳಿದಿರುತ್ತವೆ.

ನಮ್ಮ ಭಾಷೆಯಲ್ಲಿ ‘ಲಿಂಗ’ ಎಂಬ ಪದಕ್ಕೆ ಎರಡು ಬಳಕೆಗಳಿವೆ. ಶಾಲೆಗೆ ಸೇರಿಸುವ ಅರ್ಜಿಯಲ್ಲಿ ‘ಲಿಂಗ’ ಎಂಬ ಅಂಕಣವಿರುತ್ತದೆ, ಅದರ ಮುಂದೆ ಗಂಡು ಅಥವಾ ಹೆಣ್ಣು ಎಂದು ಬರೆಯುತ್ತೇವೆ. ಇನ್ನೊಂದು ಲಿಂಗ ನಮ್ಮ ಕರಸ್ಥಲದಲ್ಲಿದೆ. ಅದರ ಮುಂದೆ ಗಂಡು ಹೆಣ್ಣು ಎಂಬ ಅಂಕಣವಿಲ್ಲ. ಗುರು ಇಷ್ಟಲಿಂಗವನ್ನು ಕೊಡುವಾಗ ಅಂಗೈಯನ್ನು ನೋಡುತ್ತಾನೆ, ಭಕ್ತಿಯನ್ನು ನೋಡುತ್ತಾನೆ. ಒಂದು ಲಿಂಗ ವಿಂಗಡಿಸುತ್ತದೆ, ಇನ್ನೊಂದು ಕೂಡಿಸುತ್ತದೆ. ಎರಡನ್ನೂ ಬಲ್ಲ ನಾವು, ಅರ್ಜಿಯ ಅಂಕಣದಲ್ಲಿ ಹೊಂದದ ಮಗುವನ್ನು ಹೇಗೆ ಕಾಣುತ್ತೇವೆ ಎಂಬುದೇ ಇವತ್ತಿನ ಪ್ರಶ್ನೆ.

ಶರಣ ಪರಂಪರೆಯನ್ನು ಒಮ್ಮೆ ನೆನೆಯೋಣ. ಅಕ್ಕ ನಾಗಮ್ಮನಿಗಿಲ್ಲದ ಉಪನಯನ ತನಗೇಕೆ ಎಂದು ಬಾಲಕ ಬಸವಣ್ಣ ಕೇಳಿದ ಎಂಬುದನ್ನು ನಾವು ಪರಂಪರೆಯಿಂದ ಕೇಳುತ್ತ ಬಂದಿದ್ದೇವೆ. ಆ ಪ್ರಶ್ನೆಯ ತಿರುಳೇನು? ದೇಹದ ಗುರುತನ್ನು ಮುಂದಿಟ್ಟು ಒಬ್ಬರಿಗೆ ಅರಿವಿನ ಬಾಗಿಲು ತೆರೆದು ಇನ್ನೊಬ್ಬರಿಗೆ ಮುಚ್ಚುವುದು ಧರ್ಮವಲ್ಲ ಎಂಬುದು. ಲಿಂಗಧಾರಣೆಯಾದ ಮೇಲೆ ಜನನ, ಮರಣ, ರಜಸ್ಸು, ಜಾತಿ, ಎಂಜಲು ಎಂಬ ಪಂಚಸೂತಕಗಳಿಲ್ಲ ಎಂದು ಶರಣರು ಸಾರಿದ್ದೂ ಇದೇ ದಾರಿಯಲ್ಲಿ. ಗಂಡು ಹೆಣ್ಣು ಎಂಬ ಗುರುತು ಹೊರಗಿನದು, ಒಳಗಿರುವ ಚೈತನ್ಯಕ್ಕೆ ಆ ಭೇದವಿಲ್ಲ ಎಂಬ ವಿಚಾರವನ್ನು ಒಬ್ಬಿಬ್ಬರಲ್ಲ, ಹಲವು ಶರಣ ಶರಣೆಯರು ಹೇಳಿದ್ದಾರೆ. ಶರಣಸತಿ ಲಿಂಗಪತಿ ಭಾವದಲ್ಲಿ ಗಂಡಸಾದ ಶರಣನೂ ತನ್ನನ್ನು ಸತಿ ಎಂದೇ ಭಾವಿಸುತ್ತಾನೆ. ಇದನ್ನು ಇವತ್ತಿನ ಟ್ರಾನ್ಸ್‌ಜೆಂಡರ್ ಎಂಬ ಪದಕ್ಕೆ ನೇರವಾಗಿ ಜೋಡಿಸಲು ನಾನು ಹೊರಟಿಲ್ಲ. ಹನ್ನೆರಡನೆಯ ಶತಮಾನದ ಅನುಭಾವ ಬೇರೆ, ಇಂದಿನ ಮಗುವಿನ ಬದುಕು ಬೇರೆ. ಆದರೆ ಒಂದು ಮಾತು ಖಚಿತ. ಗಂಡಿನ ದೇಹದಲ್ಲಿ ಹೆಣ್ಣಿನ ಭಾವ ಇರಬಹುದು ಎಂಬ ಮಾತನ್ನು ಕೇಳಿ ನಗುವ ಹಕ್ಕು ಬೇರೆ ಯಾರಿಗಿದ್ದರೂ ನಮಗಿಲ್ಲ.

ಈಗ ಶಾಲೆಗೆ ಬರೋಣ. ಇಂಥ ಮಗು ಶಾಲೆ ಬಿಡುವುದು ಹೇಗೆ? ಒಂದೇ ದಿನ ಬಿಡುವುದಿಲ್ಲ. ಶಿಕ್ಷಕರಾದವರು ಹಾಜರಿ ಪುಸ್ತಕವನ್ನು ಗಮನವಿಟ್ಟು ನೋಡಿದರೆ ಅದು ಕಾಣುತ್ತದೆ. ಮೊದಲು ವ್ಯಾಯಾಮದ ಅವಧಿ ಇರುವ ದಿನಗಳಲ್ಲಿ ಗೈರುಹಾಜರಿ. ಗಂಡುಮಕ್ಕಳ ಶೌಚಾಲಯಕ್ಕೆ ಹೋದರೆ ಅಣಕ, ಹೆಣ್ಣುಮಕ್ಕಳ ಕಡೆ ಹೋಗುವಂತಿಲ್ಲ. ಹಾಗಾಗಿ ಮಗು ಬೆಳಗ್ಗೆಯಿಂದ ನೀರು ಕುಡಿಯುವುದನ್ನೇ ಬಿಡುತ್ತದೆ. ನಡಿಗೆ ಸರಿಯಿಲ್ಲ ಎಂದು, ಧ್ವನಿ ಸರಿಯಿಲ್ಲ ಎಂದು ತರಗತಿಯ ಮುಂದೆ ನಿಲ್ಲಿಸಿ ಒಬ್ಬರು ತಿದ್ದುತ್ತಾರೆ. ಎಲ್ಲರೂ ನಗುತ್ತಾರೆ. ಮನೆಯಲ್ಲಿ ಅಪ್ಪ ಹೊಡೆಯುತ್ತಾನೆ. ಎಂಟನೆಯ ತರಗತಿಯ ಹೊತ್ತಿಗೆ ವಾರಕ್ಕೆ ಎರಡು ದಿನ ಬರುತ್ತಿದ್ದ ಮಗು ಒಂಬತ್ತನೆಯ ತರಗತಿಯಲ್ಲಿ ಬರುವುದೇ ಇಲ್ಲ. ಹೆಸರು ತೆಗೆದುಹಾಕುವಾಗ ಕಾರಣದ ಜಾಗದಲ್ಲಿ ‘ಓದಿನಲ್ಲಿ ಆಸಕ್ತಿ ಇಲ್ಲ’ ಎಂದು ಬರೆಯುತ್ತೇವೆ. ಆ ಮಗುವಿಗೆ ಓದಿನಲ್ಲಿ ಆಸಕ್ತಿ ಇತ್ತು, ಅವಮಾನದಲ್ಲಿ ಇರಲಿಲ್ಲ.

2011ರ ಜನಗಣತಿಯಲ್ಲಿ ಮೊದಲ ಬಾರಿಗೆ ಗಂಡು, ಹೆಣ್ಣು ಎಂಬುದರ ಜೊತೆಗೆ ‘ಇತರೆ’ ಎಂದು ಬರೆಸಿದವರ ಲೆಕ್ಕ ಪ್ರಕಟವಾಯಿತು. ದೇಶದಲ್ಲಿ 4,87,803 ಜನ, ಕರ್ನಾಟಕದಲ್ಲಿ 20,266. ಹೇಳಿಕೊಳ್ಳಲು ಹೆದರಿದವರು ಈ ಲೆಕ್ಕದಲ್ಲಿ ಇಲ್ಲ. ದೇಶದ ಒಟ್ಟು ಸಾಕ್ಷರತೆ ಶೇಕಡ 73ರಷ್ಟಿದ್ದಾಗ ಇವರಲ್ಲಿ ಅದು ಶೇಕಡ 56. ಈ ಅಂತರಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಶಾಲೆಯಿಂದ ಹೊರದೂಡಿದ್ದು ಕಾರಣ.

ಹೊರದೂಡಿದ ಮೇಲೆ ಆ ಮಗು ಎಲ್ಲಿಗೆ ಹೋಗುತ್ತದೆ ಎಂಬುದು ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡ ಇದೆ, ಹುಲಿಗಿಯ ಹುಲಿಗೆಮ್ಮ ಇದ್ದಾಳೆ. ಮುತ್ತು ಕಟ್ಟಿಸಿಕೊಂಡು, ಚೌಡಿಕೆ ಹಿಡಿದು ಜೋಗತಿಯಾಗಿ ಬದುಕುವ ದಾರಿ ಇದೆ. ಆ ಪರಂಪರೆಯನ್ನು ನಾನು ಹಗುರಾಗಿ ಮಾತನಾಡುವುದಿಲ್ಲ. ಮನೆ ಮತ್ತು ಶಾಲೆ ಎರಡೂ ಕೈಬಿಟ್ಟವರನ್ನು ಅದು ಕೈಹಿಡಿದಿದೆ. ಜೋಗತಿ ನೃತ್ಯದ ಕಲಾವಿದೆ ಮಾತಾ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ನಾಡು ಹೆಮ್ಮೆಪಟ್ಟಿತು. ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರಿಂದ ‘ಬದುಕು ಬಯಲು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂತು, ನಾಟಕವಾಗಿ ಊರೂರು ಸುತ್ತಿತು. ನಾವು ಸಭೆಯಲ್ಲಿ ಇವರಿಗೆ ಚಪ್ಪಾಳೆ ತಟ್ಟುತ್ತೇವೆ. ಇವರಂಥದೇ ಮಗು ನಮ್ಮ ಏಳನೆಯ ತರಗತಿಯಲ್ಲಿ ಕುಳಿತಿದ್ದರೆ ಏನು ಮಾಡುತ್ತೇವೆ? ಯಾವ ಬದುಕನ್ನಾದರೂ ಆರಿಸಿಕೊಳ್ಳುವುದು ಬೇರೆ, ಉಳಿದೆಲ್ಲ ಬಾಗಿಲು ಮುಚ್ಚಿದ್ದರಿಂದ ಒಂದೇ ಬಾಗಿಲಿಗೆ ಹೋಗುವುದು ಬೇರೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಆಡಳಿತ ಮಂಡಳಿಯವರು ಗಮನಿಸಬೇಕು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ ಪ್ರಕರಣದ ತೀರ್ಪಿನಲ್ಲಿ ಇವರ ಘನತೆಯನ್ನು ಸಂವಿಧಾನದ ಹಕ್ಕೆಂದು ಎತ್ತಿಹಿಡಿಯಿತು. 2017ರಲ್ಲಿ ನಮ್ಮ ರಾಜ್ಯ ಸರ್ಕಾರ ಇವರಿಗಾಗಿ ಒಂದು ನೀತಿಯನ್ನು ಒಪ್ಪಿತು. 2019ರಲ್ಲಿ ಸಂಸತ್ತು ಅಂಗೀಕರಿಸಿದ ಹಕ್ಕು ಸಂರಕ್ಷಣಾ ಕಾಯ್ದೆ 2020ರ ಜನವರಿಯಿಂದ ಜಾರಿಗೆ ಬಂತು. ಅದರ 3ನೆಯ ಕಲಂ ಶಿಕ್ಷಣ ಸಂಸ್ಥೆಗಳಲ್ಲಿ ಪ್ರವೇಶ ನಿರಾಕರಿಸುವುದನ್ನು, ಹೊರಹಾಕುವುದನ್ನು, ಅನ್ಯಾಯವಾಗಿ ನಡೆಸಿಕೊಳ್ಳುವುದನ್ನು ನಿಷೇಧಿಸುತ್ತದೆ. 13ನೆಯ ಕಲಂ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಪ್ರತಿ ಶಾಲೆಯೂ ಪಾಠದಲ್ಲಿ, ಆಟದಲ್ಲಿ, ಮನರಂಜನೆಯಲ್ಲಿ ಇವರನ್ನು ಸಮಾನವಾಗಿ ಒಳಗೊಳ್ಳಬೇಕು. ಮಾನ್ಯತೆ ಪಡೆದ ಎಂದರೆ ನಮ್ಮ ಶಾಲೆಗಳೆಲ್ಲವೂ ಬಂದವು. 11ನೆಯ ಕಲಂ ಪ್ರಕಾರ ಪ್ರತಿ ಸಂಸ್ಥೆಯೂ ದೂರು ಕೇಳುವ ಒಬ್ಬರನ್ನು ನೇಮಿಸಬೇಕು. ಟ್ರಸ್ಟುಗಳೂ ಇದಕ್ಕೆ ಒಳಪಡುತ್ತವೆ. ಇದಕ್ಕೂ ಮೊದಲೇ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಯಾವ ಮಗುವನ್ನೂ ಹೊಡೆಯುವುದನ್ನು, ಮಾನಸಿಕವಾಗಿ ಹಿಂಸಿಸುವುದನ್ನು ನಿಷೇಧಿಸಿದೆ.

ಇನ್ನೊಂದು ಬೆಳವಣಿಗೆಯನ್ನೂ ನೋಡಿ. 2021ರಲ್ಲಿ ಕರ್ನಾಟಕ ಸರ್ಕಾರ ನೇರ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ 1ರ ಮೀಸಲಾತಿ ತಂದಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ನಮ್ಮದು. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ ಆಯ್ಕೆ ಪಟ್ಟಿಯಲ್ಲಿ ಇವರಲ್ಲಿ ಮೂವರ ಹೆಸರು ಬಂತು. ನೌಕರಿಯ ಬಾಗಿಲು ತೆರೆದಿದೆ, ಅಲ್ಲಿಗೆ ಹೋಗುವ ದಾರಿ ಒಂಬತ್ತನೆಯ ತರಗತಿಯಲ್ಲೇ ಕಡಿದುಹೋಗಿದೆ. ಎಸ್‌ಎಸ್‌ಎಲ್‌ಸಿ ಮುಗಿಸದವರಿಗೆ ಈ ಮೀಸಲಾತಿಯಿಂದ ಏನು ಪ್ರಯೋಜನ?

ಕೆಲವರು ಹೇಳುತ್ತಾರೆ, ‘ಶಾಲೆಯಲ್ಲಿ ಏನು ಮಾಡಬೇಕೆಂದು ಸರ್ಕಾರ ಹೇಳಲಿ, ಆಮೇಲೆ ಮಾಡೋಣ’ ಎಂದು. 2021ರಲ್ಲಿ ಎನ್‌ಸಿಇಆರ್‌ಟಿ ಶಿಕ್ಷಕರಿಗಾಗಿ ಇದೇ ವಿಷಯದ ಒಂದು ಕೈಪಿಡಿಯನ್ನು ಹೊರತಂದಿತು. ಆಕ್ಷೇಪಗಳು ಬಂದವು, ಕೆಲವೇ ದಿನಗಳಲ್ಲಿ ಅದನ್ನು ಜಾಲತಾಣದಿಂದ ತೆಗೆಯಲಾಯಿತು. ಅದೇ ವರ್ಷ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರು ಒಂದು ಪ್ರಕರಣದಲ್ಲಿ ಶಾಲಾ ಕಾಲೇಜುಗಳಿಗಾಗಿ ಹಲವು ಸೂಚನೆ ಕೊಟ್ಟರು. ಪಾಲಕರ ಸಭೆಗಳಲ್ಲಿ ತಿಳಿವಳಿಕೆ, ಯಾರು ಬೇಕಾದರೂ ಬಳಸಬಹುದಾದ ಶೌಚಾಲಯ, ದಾಖಲೆಗಳಲ್ಲಿ ಹೆಸರು ಬದಲಿಸಲು ಅವಕಾಶ, ಆಪ್ತ ಸಮಾಲೋಚಕರು ಎಂದೆಲ್ಲ ಅದರಲ್ಲಿ ಇತ್ತು. ಒಂದು ಕಡೆ ಹೆಜ್ಜೆ ಮುಂದೆ, ಇನ್ನೊಂದು ಕಡೆ ಹಿಂದೆ. ಅಧಿಕಾರಿಗಳು ಬದಲಾಗುತ್ತಾರೆ, ಕೈಪಿಡಿಗಳು ಬರುತ್ತವೆ ಹೋಗುತ್ತವೆ. ಮಗುವಿನ ಒಂಬತ್ತನೆಯ ತರಗತಿ ಮಾತ್ರ ಒಂದೇ ಸಲ ಬರುತ್ತದೆ.

ನಮ್ಮ ಮಠಗಳು ದಾಸೋಹ ನಡೆಸಲು ಯಾವ ಸರ್ಕಾರದ ಸುತ್ತೋಲೆಗೆ ಕಾದಿದ್ದವು? ಹಳ್ಳಿಯ ಬಡ ಮಕ್ಕಳಿಗೆ ವಸತಿ ಶಾಲೆ ಬೇಕು ಎಂದು ಸರ್ಕಾರ ಯೋಚಿಸುವ ಮೊದಲೇ ನಮ್ಮ ಪ್ರಸಾದ ನಿಲಯಗಳ ಒಲೆ ಉರಿಯುತ್ತಿತ್ತು. ಸಿದ್ಧಗಂಗೆಯ ಲಿಂಗೈಕ್ಯ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಜಾತಿ ಕೇಳದೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ. ಕಣ್ಣಿಲ್ಲದ ಮಗುವಿಗೆ ಭಿಕ್ಷೆಯೇ ಗತಿ ಎಂದು ಲೋಕ ತಿಳಿದಿದ್ದ ಕಾಲದಲ್ಲಿ, ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ಅಂಥ ಮಕ್ಕಳ ಕೈಗೆ ತಂಬೂರಿ ಕೊಟ್ಟರು. ಕಲಿತವರು ಮೇಷ್ಟ್ರಾದರು, ಗಾಯಕರಾದರು. ಲೋಕ ಕೈಬಿಟ್ಟ ಮಗುವನ್ನು ಮೊದಲು ಎತ್ತಿಕೊಳ್ಳುವುದು ನಮ್ಮವರ ರೂಢಿ. ಈ ಒಂದು ಮಗುವಿನ ವಿಷಯದಲ್ಲಿ ಮಾತ್ರ ನಾವೇಕೆ ಕೊನೆಯವರಾಗಬೇಕು?

‘ನಮ್ಮ ಶಾಲೆಯಲ್ಲಿ ಎಲ್ಲರೂ ಒಳ್ಳೆಯವರು, ನಿಯಮವೇಕೆ?’ ಎಂದು ನೀವು ಕೇಳಬಹುದು. ಒಬ್ಬ ಒಳ್ಳೆಯ ಮೇಷ್ಟ್ರಿದ್ದರೆ ಮಗು ಉಳಿಯುತ್ತದೆ, ಅವರಿಗೆ ವರ್ಗವಾದರೆ ಮಗು ಹೋಗುತ್ತದೆ. ಕನಿಕರ ಒಬ್ಬ ವ್ಯಕ್ತಿಯಲ್ಲಿರುತ್ತದೆ, ನಿಯಮ ಸಂಸ್ಥೆಯಲ್ಲಿರುತ್ತದೆ. ದಾಸೋಹ ಯಾರೋ ಒಬ್ಬರ ಮನಸ್ಸಿಗೆ ಬಂದ ದಿನ ಮಾತ್ರ ನಡೆಯುವುದಿಲ್ಲ, ದಿನವೂ ನಡೆಯುತ್ತದೆ. ಆದ್ದರಿಂದಲೇ ಅದು ದಾಸೋಹ. ಹಾಗೆಯೇ ಇದೂ ಬರೆದಿಟ್ಟ ಕ್ರಮವಾಗಬೇಕು. ಆ ಕ್ರಮದಲ್ಲಿ ಏನಿರಬೇಕು ಎಂಬುದಕ್ಕೆ ಆರು ಮಾತು ಹೇಳುತ್ತೇನೆ.

ಒಂದು, ಮಾತು. ಅಣಕದ ಹೆಸರಿನಿಂದ ಯಾವ ಮಗುವನ್ನೂ ಕರೆಯಬಾರದು. ಈ ನಿಯಮ ಮಕ್ಕಳಿಗಿಂತ ಮೊದಲು ಶಿಕ್ಷಕರಿಗೆ, ಕಚೇರಿ ಸಿಬ್ಬಂದಿಗೆ, ಅಡುಗೆಯವರಿಗೆ ಅನ್ವಯಿಸಬೇಕು. ನಡಿಗೆಯನ್ನೋ ಧ್ವನಿಯನ್ನೋ ‘ತಿದ್ದುವ’ ಶಿಕ್ಷೆ ನಿಲ್ಲಬೇಕು.

ಎರಡು, ಹೆಸರು ಮತ್ತು ಗುಟ್ಟು. ಮಗು ತನ್ನನ್ನು ಬೇರೆ ಹೆಸರಿನಿಂದ ಕರೆಯಿರಿ ಎಂದು ಕೇಳಿದರೆ ತರಗತಿಯಲ್ಲಿ ಹಾಗೆ ಕರೆಯುವುದರಿಂದ ನಷ್ಟವೇನೂ ಇಲ್ಲ. ದಾಖಲೆಯ ಹೆಸರನ್ನು ಬದಲಿಸುವುದು ಬೇರೆ ಕೆಲಸ, ಅದಕ್ಕೆ ಪಾಲಕರು ಬೇಕು, ಕಾನೂನಿನ ಕ್ರಮ ಬೇಕು. ಮಗು ಒಬ್ಬ ಶಿಕ್ಷಕರನ್ನು ನಂಬಿ ಹೇಳಿದ್ದನ್ನು ಇಡೀ ಶಾಲೆಗೆ ಹಬ್ಬಿಸಬಾರದು. ಮನೆಯವರಿಗೆ ಹೇಳುವಾಗಲೂ ಮಗುವಿನೊಂದಿಗೆ ಮಾತನಾಡಿ, ಹೊತ್ತು ಗೊತ್ತು ನೋಡಿ ಹೇಳಬೇಕು. ಅವಸರದ ಒಂದು ಫೋನ್ ಕರೆಯಿಂದ ಮಗು ಆ ರಾತ್ರಿಯೇ ಮನೆಯಿಂದ ಹೊರಬಿದ್ದೀತು.

ಮೂರು, ಸಮವಸ್ತ್ರ. ಕೂದಲಿನ ಉದ್ದಕ್ಕೆ, ಪ್ಯಾಂಟು ಚೂಡಿದಾರದ ಆಯ್ಕೆಗೆ ಸಂಬಂಧಿಸಿ ಸ್ವಲ್ಪ ಸಡಿಲ ಬಿಡಿ. ಬಣ್ಣ ಒಂದೇ ಇದ್ದರೆ ಶಿಸ್ತಿಗೆ ಅಷ್ಟು ಸಾಕು.

ನಾಲ್ಕು, ಶೌಚಾಲಯ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ, ಒಬ್ಬರೇ ಬಳಸುವ ಒಂದು ಶೌಚಾಲಯವನ್ನು ಎಲ್ಲ ಮಕ್ಕಳಿಗೂ ತೆರೆದಿಡಿ. ಅದರ ಮೇಲೆ ‘ತೃತೀಯ ಲಿಂಗಿಗಳಿಗೆ’ ಎಂದು ಬೋರ್ಡು ಹಾಕಬೇಡಿ. ಬೋರ್ಡು ನೋಡಿ ಒಳಗೆ ಹೋಗುವ ಧೈರ್ಯ ಹನ್ನೆರಡು ವರ್ಷದ ಮಗುವಿಗೆ ಇರುವುದಿಲ್ಲ. ಕಾಯಿಲೆಯ ಮಗುವಿಗೂ, ಮುಟ್ಟಾದ ಹುಡುಗಿಗೂ, ಅಂಗವೈಕಲ್ಯ ಇರುವವರಿಗೂ ಅದು ಉಪಯೋಗವಾಗುತ್ತದೆ.

ಐದು, ಪ್ರಸಾದ ನಿಲಯ. ಇದು ನಮಗೆ ಎಲ್ಲಕ್ಕಿಂತ ಕಷ್ಟದ್ದು. ನಮ್ಮ ನಿಲಯಗಳಲ್ಲಿ ದೊಡ್ಡ ಕೋಣೆ, ಸಾಲು ಹಾಸಿಗೆ, ಬಯಲಲ್ಲಿ ಸ್ನಾನ. ಇಂಥ ಮಗುವಿಗೆ ದೌರ್ಜನ್ಯದ ಅಪಾಯ ಹೆಚ್ಚಿರುವುದೂ ರಾತ್ರಿಯ ಹೊತ್ತು ಇಲ್ಲೇ. ಮೇಲ್ವಿಚಾರಕರ ಕೋಣೆಗೆ ಹತ್ತಿರ ಹಾಸಿಗೆ, ಬಾಗಿಲಿರುವ ಸ್ನಾನದ ಮನೆ, ರಾತ್ರಿ ಒಂದು ಸುತ್ತು ಮೇಲ್ವಿಚಾರಣೆ. ಇವು ಎಲ್ಲ ಮಕ್ಕಳಿಗೂ ಬೇಕಾದವೇ. ಗಲಾಟೆಯಾದಾಗ ತೊಂದರೆ ಅನುಭವಿಸಿದ ಮಗುವನ್ನೇ ನಿಲಯದಿಂದ ಕಳಿಸಿ ‘ಸಮಸ್ಯೆ ಬಗೆಹರಿಯಿತು’ ಎನ್ನುವುದು ನಿಲ್ಲಬೇಕು.

ಆರು, ಕೇಳುವವರು. ಕಾಯ್ದೆ ಹೇಳುವಂತೆ ದೂರು ಕೇಳುವ ಒಬ್ಬರ ಹೆಸರನ್ನು ಫಲಕದಲ್ಲಿ ಬರೆಯಿರಿ. ಮಗು ಹೆದರದೆ ಹೋಗಿ ಮಾತನಾಡುವಂಥವರನ್ನು ಆರಿಸಿ. ಹುದ್ದೆಯಲ್ಲಿ ಹಿರಿಯರು ಎಂಬ ಕಾರಣ ಒಂದೇ ಸಾಲದು.

ಇನ್ನು ಆಕ್ಷೇಪಗಳು. ಅವನ್ನು ಬದಿಗೆ ಸರಿಸಿ ಮುಂದೆ ಹೋದರೆ ಈ ಮಾತುಗಳು ಈ ಸಭೆಯಲ್ಲೇ ಉಳಿಯುತ್ತವೆ.

‘ಇದು ಪರದೇಶದಿಂದ ಬಂದದ್ದು’ ಎನ್ನುತ್ತಾರೆ. ಎಲ್ಲಮ್ಮನ ಗುಡ್ಡದ ಜೋಗಪ್ಪಗಳು ಯಾವ ಪರದೇಶದಿಂದ ಬಂದರು? ಟ್ರಾನ್ಸ್‌ಜೆಂಡರ್ ಎಂಬ ಪದ ಹೊರಗಿನದಿರಬಹುದು. ಮಗು ನಮ್ಮದೇ ಊರಿನದು, ನಮ್ಮದೇ ಮನೆಯದು.

‘ಇದಕ್ಕೆ ಅವಕಾಶ ಕೊಟ್ಟರೆ ಉಳಿದ ಮಕ್ಕಳೂ ನೋಡಿ ಕಲಿಯುತ್ತಾರೆ’ ಎನ್ನುತ್ತಾರೆ. ಪೆಟ್ಟು, ನಗೆಪಾಟಲು, ಹೆತ್ತವರ ಕಣ್ಣೀರು, ಇಷ್ಟನ್ನು ಶೋಕಿಗಾಗಿ ಯಾವ ಮಗು ತಲೆಯ ಮೇಲೆ ಹೊತ್ತುಕೊಳ್ಳುತ್ತದೆ? ಉಳಿದ ಮಕ್ಕಳು ನೋಡಿ ಕಲಿಯುವುದು ಬೇರೆಯದನ್ನು. ತಮಗಿಂತ ಭಿನ್ನರಾದವರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದನ್ನು ಅವರು ನಮ್ಮಿಂದ ಕಲಿಯುತ್ತಾರೆ.

‘ಚಿಕ್ಕ ವಯಸ್ಸು, ಮನಸ್ಸು ಬದಲಾಗಬಹುದು’ ಎನ್ನುವವರ ಮಾತಿನಲ್ಲಿ ನಿಜವಿದೆ. ಕೆಲವು ಮಕ್ಕಳ ಮನಸ್ಸು ಬದಲಾಗಬಹುದು, ಕೆಲವರದು ಬದಲಾಗದೆ ಇರಬಹುದು. ಶಾಲೆ ಅದನ್ನು ತೀರ್ಮಾನಿಸಬೇಕಾಗಿಲ್ಲ. ಮಗು ಏನು ಎಂದು ಹಣೆಪಟ್ಟಿ ಹಚ್ಚುವುದೂ, ಔಷಧ ಚಿಕಿತ್ಸೆಯ ಮಾತೆತ್ತುವುದೂ ಶಾಲೆಯ ಕೆಲಸವಲ್ಲ. ಮುಂದೆ ಆ ಮಗು ಯಾರಾದರೂ ಆಗಲಿ, ಅಲ್ಲಿಯವರೆಗೆ ಅವಮಾನವಿಲ್ಲದೆ ಓದಲಿ ಎಂಬುದಷ್ಟೇ ಈ ನಿಯಮದ ಉದ್ದೇಶ. ಮನಸ್ಸು ಬದಲಾದರೂ ಬದಲಾಗದಿದ್ದರೂ ಹೊಡೆದದ್ದರ ಗಾಯ ಮಾತ್ರ ಉಳಿಯುತ್ತದೆ.

ಹೆಣ್ಣುಮಕ್ಕಳ ತಂದೆ ತಾಯಿಗಳಿಗೆ ನಿಲಯದ ಸುರಕ್ಷತೆಯ ಬಗ್ಗೆ ಆತಂಕವಿರುತ್ತದೆ. ಅದನ್ನು ಅಲ್ಲಗಳೆಯಬೇಡಿ. ಅವರನ್ನು ಕರೆದು ಕೂರಿಸಿ ವ್ಯವಸ್ಥೆಯನ್ನು ತೋರಿಸಿ. ಚಿಲಕವಿರುವ ಬಾಗಿಲು, ಎಚ್ಚರವಿರುವ ಮೇಲ್ವಿಚಾರಕಿ, ಕೇಳಿಸಿಕೊಳ್ಳುವ ಕಿವಿ, ಇವು ಅವರ ಮಗಳನ್ನೂ ಕಾಯುತ್ತವೆ, ಈ ಮಗುವನ್ನೂ ಕಾಯುತ್ತವೆ.

ಇಂಥ ಮಗುವಿನ ತಾಯಿ ತಂದೆಯರು ಈ ಸಭೆಯಲ್ಲೂ ಇರಬಹುದು. ಅವರಿಗೆ ಒಂದು ಮಾತು. ತಾಯಂದಿರೇ, ಅಣ್ಣಂದಿರೇ, ಇದು ನಿಮ್ಮ ತಪ್ಪಿನಿಂದ ಆದದ್ದಲ್ಲ, ಯಾವ ಕರ್ಮದ ಫಲವೂ ಅಲ್ಲ. ಹುಟ್ಟಿನ ಮೇಲೆ ಕರ್ಮದ ಹೊರೆ ಹೊರಿಸುವುದನ್ನು ಶರಣರು ಎಂದೋ ಬಿಟ್ಟರು. ಮಂತ್ರವಾದಿಗಳ ಬಳಿ, ದೆವ್ವ ಬಿಡಿಸುವವರ ಬಳಿ ಮಗುವನ್ನು ಎಳೆದೊಯ್ಯಬೇಡಿ. ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ, ಅದರಿಂದ ಇನ್ನೊಬ್ಬರ ಮಗುವಿನ ಬಾಳೂ ಹಾಳಾಗುತ್ತದೆ. ಓದು ನಿಲ್ಲಿಸಬೇಡಿ. ಓದು ಕೈಯಲ್ಲಿದ್ದರೆ ಕಾಯಕ ಸಿಗುತ್ತದೆ, ಕಾಯಕ ಇದ್ದರೆ ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ.

2024ರಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ನಮ್ಮ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರ ಕುರ್ಚಿಯ ಹಿಂದೆ ಅದಕ್ಕೂ ಬಹಳ ಮೊದಲಿನಿಂದಲೇ ಅವರ ಭಾವಚಿತ್ರವಿದೆ. ಯಾರನ್ನೂ ಹೊರಗಿನವರೆಂದು ಎಣಿಸಬೇಡಿ ಎಂಬ ತಾತ್ಪರ್ಯದ ಅವರ ವಚನವನ್ನು ನಮ್ಮ ಮಕ್ಕಳು ಬೆಳಗಿನ ಪ್ರಾರ್ಥನೆಯಲ್ಲಿ ಹೇಳುತ್ತಾರೆ. ಆ ಸಾಲಿನಲ್ಲಿ ನಿಂತು ಅದನ್ನು ಹೇಳುತ್ತಿರುವ ಒಂದು ಮಗು, ಪ್ರಾರ್ಥನೆ ಮುಗಿದ ಐದು ನಿಮಿಷಕ್ಕೆ ಮೆಟ್ಟಿಲ ಹತ್ತಿರ ಅಣಕ ಕೇಳಿಸಿಕೊಳ್ಳುತ್ತದೆ. ಆಗ ಆ ಮಗು ವಚನವನ್ನು ನಂಬುತ್ತದೆಯೋ, ಮೆಟ್ಟಿಲನ್ನು ನಂಬುತ್ತದೆಯೋ? ವಚನವನ್ನು ಬಾಯಿಪಾಠ ಮಾಡಿಸುವುದು ಸುಲಭ. ಆ ಮಗು ಅದನ್ನು ನಂಬುವಂಥ ಶಾಲೆಯನ್ನು ಕಟ್ಟುವುದು ನಮ್ಮ ಕಾಯಕ.

ಆಡಳಿತ ಮಂಡಳಿಯವರಲ್ಲಿ, ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟೇ. ಬರುವ ಜೂನಿನಲ್ಲಿ ಶಾಲೆಯ ಬಾಗಿಲು ತೆರೆಯುವ ಮೊದಲು ಈ ಆರು ಅಂಶಗಳನ್ನು ಒಂದು ಹಾಳೆಯಲ್ಲಿ ಬರೆದು, ಸಭೆಯಲ್ಲಿ ಒಪ್ಪಿ, ಸಹಿ ಹಾಕಿ, ಪ್ರತಿ ಶಾಲೆಗೂ ಪ್ರತಿ ನಿಲಯಕ್ಕೂ ಕಳಿಸಿ. ಶಿಕ್ಷಕರ ಮೊದಲ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿಸಿ. ದೊಡ್ಡ ಖರ್ಚೇನೂ ಇಲ್ಲ. ಒಂದು ಹಾಳೆ, ಒಂದು ಚಿಲಕ, ಒಂದು ಹಾಸಿಗೆಯ ಜಾಗ, ಪಂಕ್ತಿಯಲ್ಲಿ ಒಂದು ಎಲೆ.